ಉದ್ಯಮಿ ಯಾರು?

ಕಳೆದ ತಿಂಗಳು ನಮ್ಮ ಶಾಲೆಯ ಏಳನೆಯ ತರಗತಿಯ ಮಕ್ಕಳಿಗೆ ‘ನಮ್ಮ ಊರಿನ ಉದ್ಯಮಿ’ ಎಂಬ ಪ್ರಬಂಧವನ್ನು ಕೊಟ್ಟಿದ್ದೆವು. ಒಬ್ಬ ಬಾಲಕಿ, “ನಮ್ಮ ಊರಿನಲ್ಲಿ ಉದ್ಯಮಿಗಳಿಲ್ಲ, ಎಲ್ಲರೂ ಎಲೆ ಕಿತ್ತು ಕೊಡುವವರು” ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಳು. ಆಕೆಯ ಅಜ್ಜನವರು ಆಲೂಗಡ್ಡೆಯ ಹೊಲವನ್ನು ಚಹಾತೋಟವಾಗಿಸಿ, ನೆರೆಹೊರೆಯವರೊಡನೆ ಸಹಕಾರಿ ಕಾರ್ಖಾನೆಯಲ್ಲಿ ಪಾಲು ತೆಗೆದುಕೊಂಡವರು. ಆ ಸಾಲು ನಮ್ಮನ್ನು ಬಹಳ ದಿನ ಕಾಡಿತು.

ಇಂತಹ ತಪ್ಪನ್ನು ಮಗುವೊಂದೇ ಮಾಡಿದ್ದಲ್ಲ. ಹಿಂದೂ ಸಮಾಜದ ಜಾತಿ ಮತ್ತು ಧರ್ಮಗಳ ನೆಲದಲ್ಲಿ ಆಧುನಿಕ ಬಂಡವಾಳೋದ್ಯಮ ತಾನಾಗಿ ಮೊಳೆಯಲಾರದೆಂದು ಜರ್ಮನಿಯ ಮ್ಯಾಕ್ಸ್ ವೇಬರ್ ವಾದಿಸಿದ್ದನು. 1964ರಲ್ಲಿ ಮಿಲ್ಟನ್ ಸಿಂಗರ್ ಎಂಬ ಅಮೆರಿಕದ ವಿದ್ವಾಂಸರು ಮದರಾಸಿನ 19 ಮಂದಿ ಉದ್ಯಮಿಗಳನ್ನು ಸಂದರ್ಶಿಸಿದರು. ಮನೆಯಲ್ಲಿ ಪೂಜೆ, ಕಾರ್ಖಾನೆಯಲ್ಲಿ ಯಂತ್ರ; ಎರಡನ್ನೂ ಅವರು ಹೊಂದಿಸಿಕೊಂಡಿದ್ದರು. ಅದೇ ಕಾಲಕ್ಕೆ ಡೇವಿಡ್ ಮೆಕ್‌ಕ್ಲೆಲ್ಯಾಂಡ್ ಮತ್ತು ಸಂಗಡಿಗರು ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಹೈದರಾಬಾದಿನಲ್ಲಿ ತರಬೇತಿ ಕೊಡಿಸಿದರು. ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಹೊಸ ಉದ್ಯಮಗಳಿಗೆ ಕೈಹಾಕಿದರೆಂದು 1969ರ ಗ್ರಂಥದಲ್ಲಿ ವರದಿಯಾಯಿತು. ಸಾಹಸ ಹುಟ್ಟುಗುಣವಷ್ಟೇ ಅಲ್ಲ, ಕಲಿಸಬಹುದಾದ ವಿದ್ಯೆ ಎಂಬ ಮಾತು ಅಧ್ಯಾಪಕರಾದ ನಮಗೆ ಪ್ರಿಯವಾದದ್ದು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವಿದ್ಯಾಸಂಸ್ಥೆ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಕೂಡಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಗ್ರಾಮದ ನಿರುದ್ಯೋಗಿ ಯುವಕರಿಗೆ ಈ ವಿದ್ಯೆಯನ್ನೇ ಕಲಿಸುತ್ತ ಬಂದಿದೆ; ಆ ಮಾದರಿ ಇಂದು ದೇಶದ ಜಿಲ್ಲೆ ಜಿಲ್ಲೆಗಳಿಗೆ ಹಬ್ಬಿದೆ.

ಆದರೆ ಈ ಸಂಶೋಧನೆಗಳು ಅಳೆದದ್ದು ಒಬ್ಬೊಬ್ಬ ವ್ಯಕ್ತಿಯ ಮನಸ್ಸನ್ನು. ನೀಲಗಿರಿಯ ಅನುಭವ ಬೇರೆ. ಕಿತ್ತ ಚಹಾ ಎಲೆಯನ್ನು ತಡವಿಲ್ಲದೆ ಕಾರ್ಖಾನೆ ಸೇರಿಸದಿದ್ದರೆ ಅದು ಕೆಡುತ್ತದೆ. ಒಂದೆರಡು ಎಕರೆಯವನು ಒಬ್ಬನೇ ಕಾರ್ಖಾನೆ ಕಟ್ಟಲಾರ. ಆದುದರಿಂದ ಸಣ್ಣ ಬೆಳೆಗಾರರು ಕೂಡಿ ಸಹಕಾರಿ ಕಾರ್ಖಾನೆಗಳನ್ನು ಕಟ್ಟಿದರು. ಅವುಗಳ ಒಕ್ಕೂಟವಾಗಿ 1965ರಲ್ಲಿ ಇಂಡ್‌ಕೋಸರ್ವ್ ಹುಟ್ಟಿತು. ಇಲ್ಲಿ ಉದ್ಯಮಿ ಒಬ್ಬನಲ್ಲ, ಒಂದು ಊರು. 1990ರ ದಶಕದ ಕೊನೆಗೆ ಹಸಿ ಎಲೆಯ ಬೆಲೆ ಕುಸಿದಾಗ ಬೆಳೆಗಾರರಲ್ಲಿ ಸಾಹಸಕ್ಕೇನೂ ಕೊರತೆಯಿರಲಿಲ್ಲ; ಬೆಲೆ ಕಟ್ಟುವ ಅಧಿಕಾರ ಮಾತ್ರ ಅವರ ಕೈಯಲ್ಲಿರಲಿಲ್ಲ. ಮನಸ್ಸನ್ನು ಅಳೆಯುವ ವಿದ್ವಾಂಸರು ಮಾರುಕಟ್ಟೆಯನ್ನೂ ಅಳೆಯದಿದ್ದರೆ, ಬಡವನ ನಷ್ಟವೆಲ್ಲ ಅವನ ಸೋಮಾರಿತನವೆಂದೇ ಲೆಕ್ಕವಾದೀತು.

ಗೂಡಲೂರಿನಿಂದಲೂ ಮಸಿನಗುಡಿಯಿಂದಲೂ ನಮ್ಮ ಯುವಕರು ಕೊಯಮತ್ತೂರು, ತಿರುಪ್ಪೂರು, ಬೆಂಗಳೂರುಗಳಿಗೆ ಹೊರಡುತ್ತಿದ್ದಾರೆ. ಹೋಗುವುದು ತಪ್ಪಲ್ಲ, ‘ನಮ್ಮವರಿಗೆ ಉದ್ಯಮ ತಿಳಿಯದು’ ಎಂಬ ಕೀಳರಿಮೆಯನ್ನು ಹೊತ್ತು ಹೋಗುವುದು ತಪ್ಪು. ವಿಶ್ವವಿದ್ಯಾಲಯದವರು ಬರುವವರೆಗೆ ಕಾಯಬೇಕಾಗಿಲ್ಲ. ಮನೆಯ ಹಿರಿಯರು ಮೊದಲ ಗಿಡ ನೆಟ್ಟ ವರ್ಷ, ತಂದ ಸಾಲ, ದೊರೆತ ಬೆಲೆ, ಸೋತ ಕಾರಣ, ಇವನ್ನು ಒಂದು ಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದಿಡಿರಿ. ಅದೂ ಸಂಶೋಧನೆಯೇ.

ಆ ಬಾಲಕಿಗೆ ಅಜ್ಜನನ್ನು ಕೇಳಿ ಮತ್ತೆ ಬರೆದು ತರಲು ಹೇಳಿದೆವು. ಈ ಸಲ ನಾಲ್ಕು ಪುಟ ಬರೆದಿದ್ದಳು. ಕೊನೆಯಲ್ಲಿ ಆಕೆಯದೇ ಪ್ರಶ್ನೆಯೊಂದಿತ್ತು: “ಸಾರ್, ಅಜ್ಜಿಯೂ ತೋಟದಲ್ಲಿ ದುಡಿದರಲ್ಲ, ಅವರ ಹೆಸರಲ್ಲಿ ಪಾಲು ಏಕಿಲ್ಲ?” ಉತ್ತರವನ್ನು ನಾವು ಇನ್ನೂ ಕೊಟ್ಟಿಲ್ಲ.