ಗಾಯವಾಗದ ಏಟು

ನ್ಯೂಯಾರ್ಕ್ ರಾಜ್ಯದಲ್ಲಿ ಒಬ್ಬರ ಕೆನ್ನೆಗೆ ಬೇಕೆಂದೇ ಬಾರಿಸಿದವನು ಕಾನೂನಿನ ಕಣ್ಣಲ್ಲಿ ಅಪರಾಧಿಯಾಗದೇ ಉಳಿಯಬಹುದು. ಅಲ್ಲಿ ಮೂರನೇ ದರ್ಜೆಯ ಹಲ್ಲೆ ಸಾಬೀತಾಗಲು ಏಟು ತಿಂದವರ ದೇಹಕ್ಕೆ ಊನವಾಗಿರಬೇಕು, ಇಲ್ಲವೇ ಗಣನೀಯ ನೋವಾಗಿರಬೇಕು. ಅದಕ್ಕಿಂತ ಕಡಿಮೆಯಾದದ್ದು ಸಾಮಾನ್ಯವಾಗಿ ಬರೀ ಕಿರುಕುಳ; ಅಲ್ಲಿನ ಕಾನೂನಿನಲ್ಲಿ ಅದು ಅಪರಾಧವಲ್ಲ, ಉಲ್ಲಂಘನೆ. ಹೆಚ್ಚೆಂದರೆ 15 ದಿನದ ಸೆರೆ. ಈ ಸಂದನ್ನು ಮುಚ್ಚಲು ಸಣ್ಣ ಹಲ್ಲೆಯೆಂಬ ಹೊಸ ಅಪರಾಧ ಬೇಕೆಂಬ ವಾದ ನನಗೆ ಸರಿಯೆನಿಸುತ್ತದೆ.

ಹಿಂದೆ ಹೀಗಿರಲಿಲ್ಲ. ಗಾಯವಿಲ್ಲದ ಹೊಡೆತವೂ ಹಳೆಯ ಸಂಹಿತೆಯಲ್ಲಿ ಹಲ್ಲೆಯೇ ಆಗಿತ್ತು; 1967ರಲ್ಲಿ ಜಾರಿಗೆ ಬಂದ ಹೊಸ ದಂಡಸಂಹಿತೆ ಅದನ್ನು ಕೆಳಗಿಳಿಸಿತು. ತಳ್ಳಾಟ, ಒಂದೆರಡು ಏಟುಗಳಿಗೆಲ್ಲ ಕ್ರಿಮಿನಲ್ ಕೋರ್ಟೇಕೆ ಎಂಬುದು ಅದನ್ನು ರೂಪಿಸಿದವರ ಎಣಿಕೆ. ಎಣಿಕೆಯೇನೋ ಉದಾರವೇ. ಆದರೆ ಅದರ ಫಲ ಕಂಡದ್ದು 1980ರಲ್ಲಿ. ಬಾಲಾಪರಾಧದ ಪ್ರಕರಣವೊಂದರಲ್ಲಿ ಮುಖಕ್ಕೆ ಎರಡು ಗುದ್ದು ಬಿದ್ದಿತ್ತು, ಕೆಂಪು ಗುರುತು ಮೂಡಿತ್ತು, ಏಟು ತಿಂದವನು ಅತ್ತಿದ್ದ. ನೋವು ಎಷ್ಟಿತ್ತು, ಎಷ್ಟು ಹೊತ್ತು ಇತ್ತು ಎಂಬುದಕ್ಕೆ ಸಾಕ್ಷ್ಯವಿಲ್ಲವೆಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ಹಲ್ಲೆಯೆಂದು ಒಪ್ಪಲಿಲ್ಲ. 2007ರಲ್ಲಿ ಅದೇ ನ್ಯಾಯಾಲಯ, ಬೆರಳು ಕಚ್ಚಿದ್ದರಿಂದ ಉಗುರು ಸೀಳಿ ರಕ್ತ ಬಂದದ್ದನ್ನು ಸಾಕಷ್ಟು ಹಾನಿಯೆಂದಿತು. ಹೊಡೆದವನ ದುರುದ್ದೇಶ ಒಂದೇ ಇದ್ದರೂ, ತಿಂದವರ ಚರ್ಮ ಗಟ್ಟಿಯಿದ್ದರೆ ಅವನು ಬಚಾವು!

ಇನ್ನೊಂದು ತೊಡಕು ಪೊಲೀಸರದು. ಕಿರುಕುಳದಂಥ ಉಲ್ಲಂಘನೆಗೆ ವಾರಂಟಿಲ್ಲದೆ ಬಂಧಿಸಬೇಕಾದರೆ ಅದು ಅಧಿಕಾರಿಯ ಎದುರೇ ನಡೆದಿರಬೇಕು. ಅಂಗಡಿಯಲ್ಲೋ ಬಸ್ಸಿನಲ್ಲೋ ಏಟು ತಿಂದವರು ಪೊಲೀಸರು ಬರುವ ಹೊತ್ತಿಗೆ ದೂರುದಾರರಷ್ಟೇ. ಈ ತಳವನ್ನು ಹಾಗೇ ಬಿಟ್ಟು ಶಾಸಕರು ಮೇಲ್ಮಹಡಿ ಕಟ್ಟುತ್ತ ಬಂದಿದ್ದಾರೆ: ಕರ್ತವ್ಯದಲ್ಲಿರುವ ಬಸ್ ಚಾಲಕ, ದಾದಿ ಮುಂತಾದವರಿಗೆ ಹಾನಿ ಮಾಡಿದರೆ ಏಳು ವರ್ಷದವರೆಗೂ ಸೆರೆ. ಹಾನಿ ಸಾಬೀತಾಗದಿದ್ದರೆ ಆ ಬಿಗಿ ಕಲಮೂ ಕೈಕೊಡುತ್ತದೆ.

ಹೊಸ ಅಪರಾಧ ಬಡವರನ್ನೂ ಕಪ್ಪುಜನರನ್ನೂ ಹೆಚ್ಚು ಹಿಡಿಯುತ್ತದೆಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ವಲಸಿಗರ ಭಯ ಇನ್ನೂ ದೊಡ್ಡದು. ಹಿಂಸಾಪರಾಧಕ್ಕೆ ಒಂದು ವರ್ಷದ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಲು ಫೆಡರಲ್ ಕಾನೂನಿನಲ್ಲಿ ಅವಕಾಶವಿದೆ. ಅದಕ್ಕೆಂದೇ ನ್ಯೂಯಾರ್ಕ್ 2019ರಲ್ಲಿ ಒಂದು ವರ್ಷದವರೆಗೆ ಸೆರೆಯಿದ್ದ ಸಣ್ಣ ಅಪರಾಧಗಳ ಗರಿಷ್ಠ ಶಿಕ್ಷೆಯನ್ನು 364 ದಿನಕ್ಕೆ ಇಳಿಸಿತು. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಆ ಒಂದು ದಿನದ ಬೆಲೆ ಗೊತ್ತಿರಬೇಕು.

ಕಲಮೊಂದಿದ್ದರೆ ಎಲ್ಲ ಸರಿಹೋಗುತ್ತದೆಂಬ ಭ್ರಮೆಯೂ ಬೇಡ. ನಮ್ಮಲ್ಲಿ 1860ರ ದಂಡಸಂಹಿತೆಯಿಂದಲೂ ಬರೀ ನೋವು ಕೊಟ್ಟರೆ ಅಪರಾಧವೇ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಒಂದು ವರ್ಷದವರೆಗೆ ಸೆರೆಯುಂಟು. ಆದರೂ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಠಾಣೆಗೆ ಹೋದವರು ಎನ್‌ಸಿಆರ್ ಎಂಬ ಬರೀ ದೂರಿನ ದಾಖಲೆ ಬರೆಸಿ ಮನೆಗೆ ಬರುತ್ತಾರೆ.

ಆದ್ದರಿಂದ ನ್ಯೂಯಾರ್ಕಿಗೆ ಬೇಕಾದದ್ದು ಕಿರಿದಾದ ಕಾನೂನು. ನೋಯಿಸಬೇಕೆಂದೇ ಹೊಡೆದದ್ದು ಸಾಬೀತಾಗಲಿ, ಗುಂಪಿನಲ್ಲಿ ಮೈ ತಾಗಿದ್ದು ಹೊರಗಿರಲಿ. ಶಿಕ್ಷೆ ಅಲ್ಲಿನ ಬಿ ವರ್ಗದ ಸಣ್ಣ ಅಪರಾಧಗಳಿಗಿರುವ ಮೂರು ತಿಂಗಳ ಮಿತಿಯನ್ನು ಮೀರದಿರಲಿ. ಅದಕ್ಕಿಂತ ಭಾರವಾದ ಮಸೂದೆ ಬಂದರೆ ಶಾಸಕರು ಅದನ್ನು ತಿರಸ್ಕರಿಸುವುದೇ ಒಳ್ಳೆಯದು.