ಅರಣ್ಯಚಿತ್ರಕ್ಕೆ ಅಪಾರ್ಥದ ಹೊರೆ

ಬೆಂಗಳೂರಿನ ದಂಡುಪ್ರದೇಶದ ಅಂಚಿನಲ್ಲಿ, ಕಬ್ಬನ್ ಪಾರ್ಕಿನ ಮಗ್ಗುಲಿಗಿರುವ ವೆಂಕಟಪ್ಪ ಚಿತ್ರಶಾಲೆಯು ದಿವಂಗತ ಕೆ. ವೆಂಕಟಪ್ಪನವರ ಜಲವರ್ಣಚಿತ್ರಗಳಿಗೆ ಮನೆಯಾಗಿದೆ. ಉದಕಮಂಡಲದ ಬೆಟ್ಟ, ಮಂಜು, ಮರಗಳನ್ನು ತೋರುವ ಆ ಚಿತ್ರಗಳ ವಿಷಯದಲ್ಲಿ ವಿದ್ಯಾವಂತರೊಳಗೆ ಒಂದು ರೂಢಿಯು ಬಲಿತಿರುವುದು. ಮಂಜೆಂದರೆ ಮಾಯೆ, ಮರವೆಂದರೆ ಜೀವ, ಶಿಖರವೆಂದರೆ ಮೋಕ್ಷ; ಹೀಗೆ ನಿಘಂಟನ್ನು ತೆರೆದು ಅರ್ಥಗಳನ್ನು ಹಂಚಿಬಿಟ್ಟರೆ ರಸಿಕತೆಯು ಪೂರ್ಣವಾಯಿತೆಂದು ಅವರ ಎಣಿಕೆ. ಇದೇ ಭಾರತೀಯ ದೃಷ್ಟಿಯೆಂದು ಸಾಧಿಸುವವರೂ ಉಂಟು. ಅದು ಭಾರತೀಯವೂ ಅಲ್ಲ, ದೃಷ್ಟಿಯೂ ಅಲ್ಲ.

ನಮ್ಮ ಶಾಸ್ತ್ರದಲ್ಲಿ ಮುಖ್ಯಾರ್ಥಕ್ಕೆ ಬಾಧೆ ಬಂದಲ್ಲದೆ ಲಕ್ಷಣೆಗೆ ಎಡೆಯಿಲ್ಲ. ‘ಗಂಗೆಯಲ್ಲಿ ಗೊಲ್ಲರಹಟ್ಟಿ’ ಎಂದಾಗ ನೀರಿನ ಮೇಲೆ ಹಟ್ಟಿಯು ನಿಲ್ಲಲಾರದಾದುದರಿಂದ ದಡವನ್ನು ಗ್ರಹಿಸಬೇಕಾಗುವುದು. ಬೆಟ್ಟದ ಮೇಲೆ ಮಂಜು ಕವಿಯುವುದಕ್ಕೆ ಬಾಧೆ ಯಾವುದು? ಇನ್ನು ಧ್ವನಿಯೆಂಬರೋ, ಬೆಳಕು ಬೇಕಾದವನು ದೀಪವನ್ನು ಜೋಪಾನಮಾಡುವಂತೆ ವ್ಯಂಗ್ಯವನ್ನು ಬಯಸುವವನು ವಾಚ್ಯವನ್ನು ಆದರಿಸಬೇಕೆಂಬುದು ಆನಂದವರ್ಧನನ ಮತ. ಇವರಾದರೋ ದೀಪವನ್ನು ಆರಿಸಿ ಬೆಳಕನ್ನು ಅರಸುವರು.

ವೆಂಕಟಪ್ಪನವರು ಪುರಾಣಚಿತ್ರಗಳನ್ನೂ ಬರೆದವರಲ್ಲವೇ ಎಂದು ಆಕ್ಷೇಪಿಸಬಹುದು. ನಿಜ. ಸೋದರಿ ನಿವೇದಿತಾ, ಆನಂದ ಕುಮಾರಸ್ವಾಮಿ ಇವರ 1913ರ ಪುರಾಣಕಥಾಗ್ರಂಥಕ್ಕೆ ಅವರು ರಾಮಾಯಣದ ಚಿತ್ರಗಳನ್ನು ಬರೆದರು. ಅಲ್ಲಿನ ಕಾಡು ಕಥೆಯ ಕಾಡು. ಪ್ರಕರಣವೇ ಅರ್ಥವನ್ನು ನಿಯಮಿಸುವುದು. ಉದಕಮಂಡಲದ ಚಿತ್ರಗಳಲ್ಲಿ ಕಥೆಯಿಲ್ಲ. ಒಂದು ಸ್ಥಳ, ಒಂದು ಹೊತ್ತು ಇರುವುವು. ಅವರ ಗುರುಗಳಾದ ಅವನೀಂದ್ರನಾಥ ಠಾಕೂರರು ವಿವರಿಸಿದ ಚಿತ್ರಷಡಂಗಗಳಲ್ಲಿ ಮೊದಲನೆಯದು ರೂಪಭೇದ. ಮರಮರಕ್ಕೂ ಇರುವ ಭೇದವನ್ನು ಕಾಣದವನು ಭಾವವನ್ನು ಕಂಡಾನೇ?

ಇದು ಪಂಡಿತರ ಕಾಲಹರಣವಲ್ಲ. ನೀಲಗಿರಿಯ ಸ್ವಂತ ಸಂಪತ್ತು ಕಣಿವೆಯ ಶೋಲಾ ಕಾಡು ಮತ್ತು ಸುತ್ತಣ ಹುಲ್ಲುಗಾವಲು. ಆಸ್ಟ್ರೇಲಿಯದ ಯೂಕಲಿಪ್ಟಸ್ 1843ರಲ್ಲಿ ಅಲ್ಲಿಗೆ ಬಂದು, ಬಳಿಕ ಸೌದೆಯ ತೋಪುಗಳಾಗಿ ಹಬ್ಬಿ, ಹುಲ್ಲುಗಾವಲನ್ನು ನುಂಗಿತು. ಕನ್ನಡದಲ್ಲಿ ಬೆಟ್ಟದ ಹೆಸರನ್ನೂ ತನ್ನದಾಗಿಸಿಕೊಂಡಿತು. ಎರಡನ್ನೂ ‘ತಪೋವನ’ವೆಂದು ಕೊಂಡಾಡುವವನಿಗೆ ಬೆಟ್ಟವು ಕಳೆದುಕೊಂಡುದೇನೆಂಬುದು ಹೊಳೆಯುವುದೇ ಇಲ್ಲ. 2011ರಲ್ಲಿ ಓಡತೊಡಗಿದ ಮೆಟ್ರೋ ರೈಲಿಗಾಗಿ ದಂಡಿನ ಮಹಾತ್ಮಾ ಗಾಂಧಿ ರಸ್ತೆಯ ಸಾಲುಮರಗಳು ಉರುಳಿದುವು. ಮರವೆಂಬುದು ಜೀವದ ಸಂಕೇತವೆಂದು ಬಲ್ಲವರಲ್ಲಿ, ಉರುಳಿದ ಮರದ ಹೆಸರನ್ನು ಬಲ್ಲವರು ಎಷ್ಟು ಮಂದಿ?

ಆದುದರಿಂದ ಮಕ್ಕಳಿಗೆ ಚಿತ್ರವನ್ನು ತೋರಿಸುವ ಹಿರಿಯರು ‘ಇದರ ಅರ್ಥವೇನು?’ ಎಂಬ ಪ್ರಶ್ನೆಯನ್ನು ಕೊಂಚ ತಡೆದಿರಲಿ. ಇದು ಯಾವ ಮರ, ಯಾವ ಹೊತ್ತು, ಮಳೆಗೆ ಮುಂಚೆಯೋ ಅನಂತರವೋ ಎಂಬುದನ್ನು ಮೊದಲು ವಿಚಾರಿಸಲಿ. ಅಷ್ಟನ್ನು ಕಂಡ ಕಣ್ಣಿಗೆ ಧ್ವನಿಯು ತಾನಾಗಿ ಒಲಿಯುವುದು.