ಕೊಳವೆಯ ನೆಗ್ಗೂ ನಮ್ಮ ವಿವೇಚನೆಯೂ

ನೆಗ್ಗಿದ ಬಿಂದಿಗೆಯನ್ನು ನಮ್ಮ ಮನೆಗಳಲ್ಲಿ ಯಾರೂ ಬಿಸಾಡುವುದಿಲ್ಲ. ಸೋರದಿದ್ದರೆ ಸಾಕು, ಅದಕ್ಕೆ ಇನ್ನೂ ಹತ್ತು ವರ್ಷದ ಆಯುಷ್ಯವುಂಟು. ಇದೇ ನ್ಯಾಯವನ್ನು ನೆಲದಡಿಯ ಪೆಟ್ರೋಲು ಕೊಳವೆಗೂ ಅನ್ವಯಿಸಬಹುದೆ? ಇದು ಎಂಜಿನಿಯರುಗಳ ಮಾತು, ಕಲಾವಿಭಾಗದವರಾದ ನಮಗೇಕೆ ಎಂದು ಸಹಪಾಠಿಗಳು ಕೇಳಬಹುದು. ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಬೆಂಗಳೂರಿಗೆ ಇಂತಹ ಕೊಳವೆಯೊಂದು ನಮ್ಮವರ ಹೊಲಗದ್ದೆಗಳ ಕೆಳಗೇ ಹಾದುಹೋಗಿದೆಯಲ್ಲ!

ಕೊಳವೆಯ ಆರೋಗ್ಯವನ್ನು ಅರಿಯಲು ಅದರೊಳಗೆ ತೈಲದ ಒತ್ತಡದಿಂದಲೇ ಸಾಗುವ ಯಂತ್ರವನ್ನು ಬಿಡುತ್ತಾರೆ. ಕಸುಬಿನವರು ಇದಕ್ಕೆ 'ಪಿಗ್' ಎನ್ನುತ್ತಾರೆ. ಹೆಸರು ಹಾಸ್ಯಾಸ್ಪದವಾದರೂ ಕೆಲಸ ಗಂಭೀರವಾದುದು. ಅಯಸ್ಕಾಂತವುಳ್ಳದ್ದು ಲೋಹ ಸವೆದ ಸ್ಥಳವನ್ನೂ, ಬೆರಳಿನಂತಹ ಕಡ್ಡಿಗಳುಳ್ಳದ್ದು ನೆಗ್ಗಿನ ಆಳವನ್ನೂ ತಿಳಿಸುತ್ತದೆ. ಬರಿಯ ತುಕ್ಕಾದರೆ ಸವೆತದ ಆಳ, ಉದ್ದಗಳಿಂದ ಉಳಿದ ಬಲವನ್ನು ಎಣಿಸಬಹುದು. ನುಣುಪಾದ ನೆಗ್ಗಿಗೂ ಅಳತೆಯುಂಟು. ಎರಡೂ ಒಂದೆಡೆ ಕೂಡಿದಾಗ ಮಾತ್ರ ಈ ಲೆಕ್ಕಗಳನ್ನು ನೆಚ್ಚುವಂತಿಲ್ಲ. ಅಗೆಯುವ ಯಂತ್ರದ ಹಲ್ಲು ತಾಗಿದಲ್ಲಿ ಲೋಹ ಕಿತ್ತುಹೋಗಿ ಉಳಿದದ್ದು ಪೆಡಸಾಗುತ್ತದೆ. ಒತ್ತಡ ಏರಿಳಿದಂತೆಲ್ಲ ನೆಗ್ಗು ಉಬ್ಬಿ ತಗ್ಗುತ್ತ, ಗೀರಿನ ಬುಡದಲ್ಲಿ ಬಿರುಕು ಹುಟ್ಟುತ್ತದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮಿನಲ್ಲಿ ಆದುದು ಇದೇ. 1994ರಲ್ಲಿ ನೀರು ಶುದ್ಧೀಕರಣ ಘಟಕದ ಕೆಲಸಕ್ಕಾಗಿ ಅಗೆಯುವಾಗ 16 ಅಂಗುಲದ ಕೊಳವೆಗೆ ಪೆಟ್ಟು ಬಿತ್ತು. 1996 ಮತ್ತು 1997ರ ಪರೀಕ್ಷೆಗಳಲ್ಲಿ ಆ ಜಾಗದ ದೋಷದ ಗುರುತು ಕಾಣಿಸಿಯೂ ಇತ್ತು. ಅಗೆದು ನೋಡುವಷ್ಟು ದೊಡ್ಡದಲ್ಲವೆಂದು ಕಂಪೆನಿ ತೀರ್ಮಾನಿಸಿತು. 1999ರ ಜೂನ್ 10ರಂದು ಕೊಳವೆ ಸೀಳಿ, ಸುಮಾರು 9 ಲಕ್ಷ ಲೀಟರ್ ಪೆಟ್ರೋಲು ಹಳ್ಳಕ್ಕೆ ಹರಿದು ಹೊತ್ತಿಕೊಂಡಿತು. ಹತ್ತು ವರ್ಷದ ಇಬ್ಬರು ಬಾಲಕರೂ ಹದಿನೆಂಟರ ಒಬ್ಬ ತರುಣನೂ ಸತ್ತರು. ಅಂದು ಕಂಪ್ಯೂಟರೂ ಕವಾಟಗಳೂ ಕೈಕೊಟ್ಟು ಒತ್ತಡ ಏರಿದ್ದು ನಿಜ. ಆದರೆ ಪೆಟ್ಟು ಬೀಳದಿದ್ದ ಕೊಳವೆ ಅಷ್ಟನ್ನು ತಾಳಿಕೊಳ್ಳುತ್ತಿತ್ತು.

ಯಂತ್ರ ತನ್ನ ಕೆಲಸ ಮಾಡಿತ್ತು. ತಪ್ಪಿದ್ದು ಓದುವವರ ವಿವೇಚನೆ. ಜನವಸತಿಯ ಪ್ರದೇಶಗಳಲ್ಲಿ ಕೊಳವೆಯ ಮೇಲ್ಭಾಗದ ನೆಗ್ಗಿನಲ್ಲಿ ಲೋಹ ಕಡಿಮೆಯಾದ ಸುಳಿವು ಕಂಡರೂ, ಆಳವೆಷ್ಟೆಂದು ಕೇಳದೆ ಕೂಡಲೆ ದುರಸ್ತಿ ಮಾಡಬೇಕೆಂಬ ನಿಯಮ ಆಮೇಲೆ ಆ ದೇಶದಲ್ಲಿ ಬಂದಿತು. ಮೇಲ್ಭಾಗವೆಂದೇ ಹೇಳಿದ್ದಕ್ಕೆ ಕಾರಣವುಂಟು: ಅಡಿಯ ನೆಗ್ಗು ಬಹುಮಟ್ಟಿಗೆ ಕಲ್ಲಿನದು, ಮೇಲಿನದು ಮನುಷ್ಯನ ಯಂತ್ರದ್ದು.

ಅಗೆತಕ್ಕೆ ಖರ್ಚು ಬಹಳ, ಗಣಿತ ಈಗ ಸೂಕ್ಷ್ಮವಾಗಿದೆ ಎಂಬುದು ಕಂಪೆನಿಗಳ ವಾದ. ಬರಿಯ ತುಕ್ಕಿನ ಮಟ್ಟಿಗೆ ನಾನೂ ಒಪ್ಪುತ್ತೇನೆ. ಪೆಟ್ಟಿನ ಗುರುತಿದ್ದಲ್ಲಿ ಒಪ್ಪಲಾರೆ. ಪಿಗ್ಗಿನ ವರದಿಯ ಪಕ್ಕದಲ್ಲಿ, ಕೊಳವೆಯ ಬಳಿ ಯಾರು ಎಂದು ಅಗೆದರೆಂಬ ದಾಖಲೆಯನ್ನೂ ಇಟ್ಟು ಓದಬೇಕು. ಎರಡೂ ಒಂದೇ ಜಾಗವನ್ನು ತೋರಿಸಿದರೆ ಗುದ್ದಲಿ ಹಿಡಿಯಬೇಕು.